ಡೌನ್ ಸ್ಲೀಪಿಂಗ್ ಬ್ಯಾಗಿನೊಳಗೂ ಬೆನ್ನಿಗೆ ಚಳಿ ಏಕೆ?

ಪ್ರಶ್ನೆ (ಚಾರಣಾಸಕ್ತ):
ಸುಮಾರು 900 ಗ್ರಾಂ ತೂಕದ, 750 ಫಿಲ್ ಪವರ್‌ನ ಡೌನ್ (ಹಕ್ಕಿಯ ಮೃದು ತುಪ್ಪುಳು ತುಂಬಿದ) ಸ್ಲೀಪಿಂಗ್ ಬ್ಯಾಗ್ ನನ್ನ ಬಳಿ ಇದೆ. ಅದರ ಮೇಲೆ ದಪ್ಪಕ್ಷರದಲ್ಲಿ ಮೈನಸ್ 6 ಡಿಗ್ರಿ ಎಂದು ಅಚ್ಚಾಗಿದ್ದರೂ, ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿಯದ ರಾತ್ರಿಯಲ್ಲೇ ಬೆನ್ನು, ಸೊಂಟಗಳಿಗೆ ಚಳಿ ಹತ್ತಿ ಎಚ್ಚರವಾಯಿತು. ಎದೆಯ ಭಾಗ ಮಾತ್ರ ಬೆಚ್ಚಗಿತ್ತು. ಮೈನಸ್ 5ರ ಆಸುಪಾಸಿನಲ್ಲಿ ಮೂರು ರಾತ್ರಿ ಡೇರೆಯಲ್ಲಿ ಕಳೆಯಬೇಕಿದೆ. ಇದನ್ನು ಬಿಟ್ಟು 900 ಫಿಲ್ ಪವರ್‌ನದನ್ನು ಕೊಳ್ಳುವುದು ಸರಿಯೇ?

ಉತ್ತರ (ಬೆಟ್ಟದ ದಾರಿ):
ಎದೆ ಬೆಚ್ಚಗಿದ್ದು ಬೆನ್ನು ತಣ್ಣಗಾಯಿತೆಂದರೆ ದೋಷ ಬ್ಯಾಗಿನದಲ್ಲ, ಅದರ ಕೆಳಗೆ ಹಾಸಿದ್ದರದು. ತುಪ್ಪುಳು ತನ್ನ ಎಳೆಗಳ ನಡುವೆ ಗಾಳಿಯನ್ನು ಹಿಡಿದಿಟ್ಟುಕೊಳ್ಳುವುದರಿಂದಲೇ ಶಾಖ ಉಳಿಯುತ್ತದೆ. ಮೈಭಾರಕ್ಕೆ ಅದು ಚಪ್ಪಟೆಯಾದ ಕಡೆ ಎಷ್ಟು ದುಬಾರಿಯ ತುಪ್ಪುಳಿದ್ದರೂ ಪ್ರಯೋಜನ ಅತ್ಯಲ್ಪ. ನೆಲದ ತಂಪನ್ನು ತಡೆಯುವುದು ಮ್ಯಾಟ್‌ನ ಕೆಲಸ, ಅದರ ಅಳತೆಯೇ ಆರ್-ವ್ಯಾಲ್ಯೂ. ಸಾಮಾನ್ಯ ಫೋಮ್ ಮ್ಯಾಟ್‌ನದು 2ರ ಸುಮಾರಿಗಿರುತ್ತದೆ. ಸೊನ್ನೆಗಿಂತ ಕೆಳಗಿನ ಚಳಿಗೆ 4 ಅಥವಾ ಹೆಚ್ಚಿರುವುದು ಲೇಸು.

ಇನ್ನು ಆ ಮೈನಸ್ 6ರ ವಿಚಾರ. ಐಎಸ್‌ಒ 23537 ಮಾನದಂಡದಂತೆ ಪರೀಕ್ಷಿಸಿದ ಬ್ಯಾಗುಗಳಿಗೆ ಆರಾಮದ ಉಷ್ಣಾಂಶ ಒಂದು, ಕೆಳಮಿತಿ ಇನ್ನೊಂದು, ಜೀವ ಉಳಿಸಿಕೊಳ್ಳುವಷ್ಟಕ್ಕೇ ಸಾಲುವ ಅತಿಮಿತಿ ಮತ್ತೊಂದು ಇರುತ್ತವೆ. ದೊಡ್ಡದಾಗಿ ಅಚ್ಚಾಗುವುದು ಬಹುಮಟ್ಟಿಗೆ ಕೆಳಮಿತಿ, ಅಂದರೆ ಮುದುರಿ ಮಲಗಿದರೆ ಹೇಗೋ ರಾತ್ರಿ ಕಳೆಯಬಹುದಾದ ಅಂಕಿ. ಆರಾಮದ ಅಂಕಿ ಅದಕ್ಕಿಂತ ಸಾಮಾನ್ಯವಾಗಿ ಐದಾರು ಡಿಗ್ರಿ ಮೇಲಿರುತ್ತದೆ.

ಉತ್ತರ (ಹಿಮದ ಹಾದಿ):
ಫಿಲ್ ಪವರ್ ಕುರಿತು ಒಂದು ಮಾತು. ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ತುಪ್ಪುಳು ಎಷ್ಟು ಘನ ಅಂಗುಲ ಉಬ್ಬುತ್ತದೆ ಎಂಬುದಷ್ಟೇ ಆ ಅಂಕಿಯ ಅರ್ಥ. ಒಳಗೆ ಎಷ್ಟು ಗ್ರಾಂ ತುಂಬಿದ್ದಾರೆ ಎಂದು ನೋಡದೆ ಬ್ಯಾಗು ಎಷ್ಟು ಬೆಚ್ಚಗೆಂದು ತೀರ್ಮಾನಿಸಲಾಗದು. 900ರದರಲ್ಲಿ ತುಪ್ಪುಳು ಕಡಿಮೆಯಿದ್ದರೆ ನಿಮಗೆ ಸಿಗುವುದು ತೂಕದ ಉಳಿತಾಯ ಮಾತ್ರ.

ಮೂರು ರಾತ್ರಿಯ ಚಾರಣವಾದ್ದರಿಂದ ತೇವದ ಬಗ್ಗೆ ಎಚ್ಚರವಿರಲಿ. ಮುಖವನ್ನು ಒಳಗೆಳೆದುಕೊಂಡು ಉಸಿರಾಡಿದ ತಪ್ಪಿಗೆ ಎರಡನೆಯ ರಾತ್ರಿ ನನ್ನ ಬ್ಯಾಗಿನ ಕತ್ತಿನ ಭಾಗದ ತುಪ್ಪುಳು ಉಂಡೆಗಟ್ಟಿತ್ತು. ಮೂಗು, ಬಾಯಿ ಹೊರಗಿರಲಿ. ಬಿಸಿಲು ಕಂಡೊಡನೆ ಬ್ಯಾಗನ್ನು ಒಳಮಗ್ಗುಲು ಮೇಲಾಗಿ ಹರವಿ ಒಣಗಿಸಿ.

ಚಾರಣಾಸಕ್ತ:
ಪಟ್ಟಿಯ ಒಳಬದಿಯ ಸಣ್ಣ ಅಕ್ಷರಗಳನ್ನು ಈಗಷ್ಟೇ ಓದಿದೆ: ಆರಾಮಕ್ಕೆ ಸೊನ್ನೆ ಡಿಗ್ರಿ! ಅಂದು ಹಾಸಿದ್ದುದು ತೆಳುವಾದ ಫೋಮ್ ಒಂದೇ. ಅದರ ಮೇಲೆ ಗಾಳಿ ತುಂಬುವ ಮ್ಯಾಟ್ ಹಾಸಿದರೆ ಎರಡರ ಆರ್-ವ್ಯಾಲ್ಯೂ ಕೂಡುತ್ತದೆಯೇ?

ಬೆಟ್ಟದ ದಾರಿ:
ಕೂಡುತ್ತದೆ. ಆದರೆ ಮೈನಸ್ 5ಕ್ಕೆ ಅದೊಂದೇ ಸಾಲದು. ಒಣಗಿದ ಬೆಚ್ಚನೆಯ ಒಳಉಡುಪು, ಟೋಪಿ ಧರಿಸಿ ಮಲಗಿ. ದಪ್ಪ ಜಾಕೆಟ್ ತೊಟ್ಟು ಒಳಗೆ ತುರುಕಿಕೊಂಡರೆ ತುಪ್ಪುಳು ಉಬ್ಬಲು ಜಾಗವಿರುವುದಿಲ್ಲ, ಹಾಗಾಗಿ ಅದನ್ನು ಬ್ಯಾಗಿನ ಮೇಲೆ ಹೊದೆಯುವುದೇ ಉತ್ತಮ.