ಸಹಾಯ ಬೇಕು: ಫಾರಂನಲ್ಲಿ ಮನೆಯವರ ಬಗ್ಗೆ ಕೇಳುವುದು ಹೇಗೆ?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಕನ್ನಡ ಶಾಲೆಯೊಂದರ ಪಿಟಿಎಗೆ (ಪಾಲಕ-ಶಿಕ್ಷಕರ ಸಂಘಕ್ಕೆ) ಸರ್ವೆ ಫಾರಂ ಮಾಡುತ್ತಿದ್ದೇನೆ. ಹಳೇ ಫಾರಂನ ಮೊದಲ ಸಾಲೇ 'ತಂದೆಯ ಹೆಸರು, ಉದ್ಯೋಗ'. ನಮ್ಮಲ್ಲಿ ಅಪ್ಪ ದುಬೈಯಲ್ಲಿ, ಮಗು ಅಜ್ಜಿಮನೆಯಲ್ಲಿ ಇರುವುದು ಮಾಮೂಲಿ, ಒಬ್ಬರೇ ಸಾಕುವ ಅಮ್ಮಂದಿರಿದ್ದಾರೆ, ಕೆಲವು ಮನೆಗಳಲ್ಲಿ ಸೋದರಮಾವನೇ ಸಹಿ ಹಾಕುವುದೂ ಉಂಟು. ಮದುವೆಯಾಗದ ತಾಯಿ ಅಪ್ಪನ ಹೆಸರು ಹೇಳದೆಯೇ ಗಾರ್ಡಿಯನ್ ಆಗಬಹುದು ಅಂತ ಸುಪ್ರೀಂ ಕೋರ್ಟ್ 2015ರಲ್ಲೇ ಹೇಳಿದೆ, ನಮ್ಮ ಫಾರಂ ಮಾತ್ರ ಅಲ್ಲೇ ಇದೆ.

ಸದ್ಯಕ್ಕೆ ಹೀಗೆ ಬರೆದಿದ್ದೇನೆ: 'ಮಗುವನ್ನು ನೋಡಿಕೊಳ್ಳುವವರು ಯಾರು? ನೀವು ಮಗುವಿಗೆ ಏನಾಗಬೇಕು?' ಉತ್ತರಕ್ಕೆ ಖಾಲಿ ಗೆರೆ. 'ಇತರೆ' ಅಂತ ಹಾಕಲು ಮನಸ್ಸಿಲ್ಲ, ಓದಿದವರಿಗೆ ತಾವು ಲೆಕ್ಕಕ್ಕಿಲ್ಲ ಅನಿಸುತ್ತದೆ ಅಲ್ವಾ? ದತ್ತು ಮಗುವಾ ಅಂತ ಸುಮ್ನೆ ಕೇಳುವುದೂ ಬೇಡ. ಆದರೆ ಗಲ್ಫ್‌ನಿಂದಲೇ ಫೀಸು, ಟ್ಯೂಷನ್ ಎಲ್ಲ ನೋಡಿಕೊಳ್ಳುವ ಅಪ್ಪನನ್ನು ಎಲ್ಲಿ ಸೇರಿಸಲಿ? ಮಲಯಾಳಕ್ಕೂ ಹೊಂದುವಂತೆ ಯಾರಾದರೂ ತಿದ್ದಿಕೊಡಿ.