ಸಹಾಯ ಬೇಕು: 'ನಂ. 6' ಮಾಂಗಾದ ಕೊನೆಯ 3 ಸಂಪುಟಗಳು

ಎಲ್ಲರಿಗೂ ನಮಸ್ಕಾರ. ಅತ್ಸುಕೊ ಅಸಾನೊ ಅವರ ಕಾದಂಬರಿ ಆಧರಿಸಿ ಹಿನೋಕಿ ಕಿನೊ ಬರೆದ 'ನಂ. 6' ಮಾಂಗಾ (ಜಪಾನಿ ಕಾಮಿಕ್ಸ್) ಯಾರ ಹತ್ತಿರವಾದರೂ ಇದೆಯಾ? ಒಟ್ಟು 9 ಸಂಪುಟ, ನನಗೆ 6ರವರೆಗೆ ಮಾತ್ರ ಸಿಕ್ಕಿದೆ. ಉಳಿದವು ಇಂಗ್ಲಿಷಿನಲ್ಲಿ ಬೇಕು. ಓದಲು ಕೊಟ್ಟರೂ ಸಾಕು, ಜೋಪಾನವಾಗಿ ವಾಪಸ್ ಕೊಡುತ್ತೇನೆ.

ಬಿರುಗಾಳಿಯ ರಾತ್ರಿ, ತನ್ನ 12ನೇ ಹುಟ್ಟುಹಬ್ಬದ ದಿನ, ಕಥಾನಾಯಕ ಶಿಯೋನ್ ತಪ್ಪಿಸಿಕೊಂಡು ಬಂದ, ಗಾಯಗೊಂಡ ಹುಡುಗ ನೆಜುಮಿಯನ್ನು ಒಳಗೆ ಕರೆದು ಹೊಲಿಗೆ ಹಾಕುತ್ತಾನಲ್ಲ, ಅಲ್ಲೇ ನನ್ನ ಮನಸ್ಸು ಸಿಕ್ಕಿಕೊಂಡಿತು. ಅಷ್ಟಕ್ಕೇ ಅವನ ಸುಖದ ಬದುಕೆಲ್ಲ ಹೋಗುತ್ತದೆ. 4 ವರ್ಷದ ನಂತರ ನೆಜುಮಿ ಬಂದು ಆ ಋಣ ತೀರಿಸುತ್ತಾನೆ. 'ನಂ. 6' ಅನ್ನೋ ಗೋಡೆಯೊಳಗಿನ ಚೊಕ್ಕ ನಗರಕ್ಕಿಂತ ನೆಜುಮಿಯ ಪುಸ್ತಕ ತುಂಬಿದ ಕೋಣೆಯೇ ಮನೆ ಅನ್ನಿಸುತ್ತದೆ, ಅಲ್ವಾ?

ಇದೇ ಕಥೆಯ 2011ರ ಅನಿಮೆ (ಜಪಾನಿ ಆನಿಮೇಷನ್ ಸರಣಿ) ಈಗಲೇ ನೋಡಬಹುದಾ, ಮಾಂಗಾ ಮುಗಿಸಿಯೇ ನೋಡಬೇಕಾ? ದಯವಿಟ್ಟು ಕೊನೆ ಮಾತ್ರ ಹೇಳಬೇಡಿ.