ಮೆಗ್ನೀಸಿಯಮ್ ಮಾತ್ರೆ ಕೊಳ್ಳುವ ಮೊದಲು: ಗುಂಪಿನ ಪ್ರಶ್ನೋತ್ತರ

ಪ್ರಶ್ನೆ, ಬದಿಯಡ್ಕ: ಅಮ್ಮನಿಗೆ 68 ವರ್ಷ. ರಾತ್ರಿ ನಿದ್ದೆ ಹತ್ತುವ ಹೊತ್ತಿಗೆ ಕಾಲಿನ ಮೀನಖಂಡ ಹಿಡಿದುಕೊಳ್ಳುತ್ತದೆ. ಬಿ.ಪಿ. ಮತ್ತು ಸಕ್ಕರೆ ಕಾಯಿಲೆ ಎರಡೂ ಇವೆ, ಗ್ಯಾಸಿನ ಮಾತ್ರೆ ಮೂರು ವರ್ಷದಿಂದ ಬೆಳಿಗ್ಗೆ ತಪ್ಪಿಲ್ಲ. ಮೆಗ್ನೀಸಿಯಮ್ ಪರೀಕ್ಷೆ ಮಾಡಿಸಿದೆವು, 1.8 ಬಂತು, ನಾರ್ಮಲ್ ಎಂದರು. ಆದರೂ ಮಾತ್ರೆ ಕೊಡಬಹುದೇ?

ಉತ್ತರ, ವೈದ್ಯರು: ಮೊದಲು ಆ 1.8ರ ವಿಷಯ. ಹೆಚ್ಚಿನ ಲ್ಯಾಬ್‌ಗಳಲ್ಲಿ ಒಂದು ಡೆಸಿಲೀಟರ್ ರಕ್ತಕ್ಕೆ ಸುಮಾರು 1.7ರಿಂದ 2.2 ಮಿ.ಗ್ರಾಂ ಎನ್ನುವುದು ಸರಿಯಾದ ಮಟ್ಟ. 1.8 ಅದರ ಕೆಳ ಅಂಚಿನಲ್ಲಿದೆ. ವಯಸ್ಕರ ಮೈಯಲ್ಲಿ ಒಟ್ಟು 25 ಗ್ರಾಂನಷ್ಟು ಮೆಗ್ನೀಸಿಯಮ್ ಇರುತ್ತದೆ. ಅರ್ಧಕ್ಕಿಂತ ಹೆಚ್ಚು ಎಲುಬಿನಲ್ಲಿ, ಉಳಿದದ್ದು ಬಹುಪಾಲು ಮಾಂಸಖಂಡ ಮತ್ತಿತರ ಜೀವಕೋಶಗಳ ಒಳಗೆ. ಪರೀಕ್ಷೆಗೆ ತೆಗೆಯುವ ರಕ್ತದ ತಿಳಿಭಾಗವಾದ ಸೀರಮ್‌ನಲ್ಲಿರುವುದು ನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ತೋಟ ಇರುವವರಿಗೆ ಇದು ಬೇಗ ಅರ್ಥವಾಗುತ್ತದೆ. ತೆಂಗಿಗೆ ಮೆಗ್ನೀಸಿಯಮ್ ಸಾಲದೆ ಹೋದರೆ ಮೊದಲು ಹಳದಿಯಾಗುವುದು ಕೆಳಗಿನ ಹಳೆಯ ಗರಿಗಳು. ಮರವು ಅಲ್ಲಿಂದ ಎಳೆದು ಸುಳಿಗೆ ಕೊಡುತ್ತದೆ, ಹಾಗಾಗಿ ಸುಳಿ ಹಸಿರಾಗಿಯೇ ಕಾಣುತ್ತದೆ. ನಮ್ಮ ದೇಹವೂ ಎಲುಬಿನಿಂದ ಎಳೆದು ರಕ್ತದ ಮಟ್ಟವನ್ನು ಕಾಪಾಡುತ್ತದೆ. ಆದ್ದರಿಂದ ಮಟ್ಟ ಕಡಿಮೆ ಬಂದರೆ ಕೊರತೆ ನಿಜ. ಆದರೆ ನಾರ್ಮಲ್ ಬಂದಿತೆಂದು ಕೊರತೆ ಇಲ್ಲ ಎನ್ನಲು ಅಷ್ಟು ಸಾಕಾಗುವುದಿಲ್ಲ.

ನಿಮ್ಮ ಅಮ್ಮನ ವಿಷಯದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಬೇರೆಯೇ. ಮೆಗ್ನೀಸಿಯಮ್ ಸೋರಿಹೋಗುವ ಮೂರು ದಾರಿಗಳು ಅವರಲ್ಲಿ ಒಟ್ಟಿಗೇ ಇರಬಹುದು.

ಒಂದು, ಗ್ಯಾಸಿನ ಮಾತ್ರೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್ ಗುಂಪಿನವು ಕರುಳು ಮೆಗ್ನೀಸಿಯಮ್ ಹೀರುವುದನ್ನು ತಗ್ಗಿಸುತ್ತವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2011ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಹೆಚ್ಚಾಗಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ನುಂಗಿದವರಲ್ಲಿ ಇದು ಕಂಡುಬಂದಿದೆ. ಅವರು ಪರಿಶೀಲಿಸಿದ ಪ್ರಕರಣಗಳಲ್ಲಿ ಸುಮಾರು ಕಾಲು ಭಾಗದವರಿಗೆ ಮೆಗ್ನೀಸಿಯಮ್ ಕೊಟ್ಟರೂ ಮಟ್ಟ ಏರಲಿಲ್ಲ, ಗ್ಯಾಸಿನ ಮಾತ್ರೆಯನ್ನೇ ನಿಲ್ಲಿಸಬೇಕಾಯಿತು. ತೂತು ಮುಚ್ಚದೆ ಕೊಡಕ್ಕೆ ನೀರು ಸುರಿದು ಪ್ರಯೋಜನವಿಲ್ಲ.

ಎರಡು, ಬಿ.ಪಿ. ಮಾತ್ರೆ. ಸ್ಟ್ರಿಪ್ ತಿರುಗಿಸಿ ಸಣ್ಣ ಅಕ್ಷರ ಓದಿ. ಹೈಡ್ರೋಕ್ಲೋರೋಥಯಾಜೈಡ್ ಅಥವಾ ಕ್ಲೋರ್‌ಥಾಲಿಡೋನ್ ಎಂದಿದ್ದರೆ ಅದು ಮೂತ್ರ ಹೆಚ್ಚಿಸುವ ಔಷಧ, ಮೆಗ್ನೀಸಿಯಮ್ ಕೂಡ ಅದರ ಜೊತೆಗೇ ಹೋಗುತ್ತದೆ. ಕಾಲಿನ ಊತಕ್ಕೆ ಕೊಡುವ ಫ್ಯೂರೋಸೆಮೈಡ್ ಕೂಡ ಹಾಗೆಯೇ. ಸ್ಪಿರೊನೊಲ್ಯಾಕ್ಟೋನ್ ಮಾತ್ರ ಮೆಗ್ನೀಸಿಯಮನ್ನು ಉಳಿಸಿಕೊಡುತ್ತದೆ.

ಮೂರು, ಹತೋಟಿಯಲ್ಲಿಲ್ಲದ ಸಕ್ಕರೆ. ಮೂತ್ರದಲ್ಲಿ ಸಕ್ಕರೆ ಹೋಗುವಾಗ ಮೆಗ್ನೀಸಿಯಮ್ಮೂ ಹೋಗುತ್ತದೆ.

ಹಾಗಾಗಿ ಕ್ರಿಯಾಟಿನಿನ್ ಮತ್ತು ಇ.ಜಿ.ಎಫ್.ಆರ್. (ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಎಂದು ತೋರಿಸುವ ಲೆಕ್ಕಗಳು), ಪೊಟ್ಯಾಸಿಯಮ್, ಕ್ಯಾಲ್ಸಿಯಮ್, ಮೂರು ತಿಂಗಳ ಸಕ್ಕರೆಯ ಸರಾಸರಿ, ಇವಿಷ್ಟು ಮಾಡಿಸಿ. ಮೆಗ್ನೀಸಿಯಮ್ ಇನ್ನೊಮ್ಮೆ ನೋಡಿಸುವುದಾದರೆ ನೇರಳೆ ಮುಚ್ಚಳದ ಟ್ಯೂಬಿನ ರಕ್ತ ಆಗದು. ರಕ್ತ ಹೆಪ್ಪುಗಟ್ಟದಂತೆ ಅದರಲ್ಲಿ ಹಾಕಿರುವ ಇ.ಡಿ.ಟಿ.ಎ. ಮೆಗ್ನೀಸಿಯಮನ್ನು ಹಿಡಿದಿಟ್ಟುಕೊಳ್ಳುತ್ತದೆ, ಲೆಕ್ಕ ತಪ್ಪುತ್ತದೆ. ರಕ್ತ ತೆಗೆಯುವಾಗ ಕೆಂಪು ಕಣಗಳು ಒಡೆದರೆ ಉಲ್ಟಾ, ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಮಟ್ಟ ನಿಜಕ್ಕೂ ಕಡಿಮೆ ಇದ್ದು ಕಾರಣ ಸಿಗದಿದ್ದರೆ 24 ಗಂಟೆಯ ಮೂತ್ರ ಪರೀಕ್ಷೆ ಇದೆ. ರಕ್ತದಲ್ಲಿ ಕೊರತೆ ಇರುವಾಗಲೂ ದಿನಕ್ಕೆ 24 ಮಿ.ಗ್ರಾಂಗಿಂತ ಹೆಚ್ಚು ಮೂತ್ರದಲ್ಲಿ ಹೋಗುತ್ತಿದ್ದರೆ ಸೋರುವುದು ಕಿಡ್ನಿಯಿಂದ, ಕಡಿಮೆ ಇದ್ದರೆ ಕರುಳಿನ ಕಡೆ ಹುಡುಕಬೇಕು.

ಗ್ಯಾಸಿನ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಅವರು ಹೃದಯಕ್ಕೆಂದು ಆಸ್ಪಿರಿನ್ ಅಥವಾ ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುತ್ತಿದ್ದರೆ ಹೊಟ್ಟೆಯ ರಕ್ತಸ್ರಾವ ತಡೆಯಲು ಅದನ್ನು ಕೊಟ್ಟಿರಬಹುದು. ಬರೆದುಕೊಟ್ಟ ವೈದ್ಯರನ್ನು ಕೇಳಿ, ಬೇಡವೆಂದಾದರೆ ಡೋಸ್ ತಗ್ಗಿಸುತ್ತಾ ಬಿಡಿಸುತ್ತಾರೆ.

ಇನ್ನು ಸೆಳೆತ. ವಯಸ್ಸಾದವರ ರಾತ್ರಿ ಸೆಳೆತಕ್ಕೆ ಮೆಗ್ನೀಸಿಯಮ್ ಕೊಟ್ಟು ನೋಡಿದ ಪ್ರಯೋಗಗಳನ್ನೆಲ್ಲ ಕೊಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಶೋಧಕರ ಸಂಘದ 2020ರ ಪರಿಶೀಲನೆ ಒಟ್ಟಿಗೆ ತೂಗಿ ನೋಡಿದೆ. ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಕೊರತೆ ಇರುವವರಿಗೆ ಕೊಡಬೇಕು ನಿಜ, ಆದರೆ ಸೆಳೆತವೆಲ್ಲ ಮೆಗ್ನೀಸಿಯಮ್ ಕೊರತೆಯೇ ಎಂದು ಹಿಡಿದರೆ ಥೈರಾಯ್ಡ್, ನರದ ತೊಂದರೆ, ಉಬ್ಬಿದ ರಕ್ತನಾಳ ಇವೆಲ್ಲ ಹಾಗೇ ಉಳಿದುಬಿಡುತ್ತವೆ. ಮಲಗುವ ಮೊದಲು ಗೋಡೆಗೆ ಕೈ ಊರಿ, ಒಂದು ಕಾಲು ಹಿಂದಿಟ್ಟು, ಹಿಮ್ಮಡಿ ನೆಲಕ್ಕೆ ಒತ್ತಿ ಮೀನಖಂಡ ಎಳೆಯುವಂತೆ ಅರ್ಧ ನಿಮಿಷ ನಿಲ್ಲಲಿ. ಪ್ರತಿ ಕಾಲಿಗೆ ಮೂರು ಸಲ. ಖರ್ಚಿಲ್ಲದ ಈ ಉಪಾಯವನ್ನು ಇವತ್ತೇ ಶುರು ಮಾಡಬಹುದು.

ಪ್ರಶ್ನೆ, ಕುಂಬಳೆ: ನಿಜವಾದ ಕೊರತೆಯ ಲಕ್ಷಣ ಏನು ಹಾಗಾದರೆ?

ಉತ್ತರ, ವೈದ್ಯರು: ಶುರುವಿನಲ್ಲಿ ಗುರುತು ಹಿಡಿಯುವಂಥದ್ದು ಏನೂ ಇರುವುದಿಲ್ಲ. ಹಸಿವಿಲ್ಲ, ಓಕರಿಕೆ, ಸುಸ್ತು, ಅಷ್ಟೇ. ಕೊರತೆ ಹೆಚ್ಚಾದಾಗ ಬಾಯಿಯ ಸುತ್ತ ಮತ್ತು ಬೆರಳ ತುದಿಯಲ್ಲಿ ಜೋಮು, ಕೈ ನಡುಕ, ಕೈಬೆರಳುಗಳು ತಾವಾಗಿ ಸೆಟೆದುಕೊಳ್ಳುವುದು, ಎದೆಬಡಿತ ತಪ್ಪುವುದು, ಕೊನೆಗೆ ಅಪಸ್ಮಾರದಂಥ ಸೆಳವು. ಬೆರಳು ಸೆಟೆಯುವುದು, ಎದೆಬಡಿತದ ಏರುಪೇರು ಅಥವಾ ಸೆಳವು ಕಂಡರೆ ಮಾತ್ರೆ ಹುಡುಕುತ್ತಾ ಕೂರಬೇಡಿ, ಇ.ಸಿ.ಜಿ. ಮತ್ತು ಡ್ರಿಪ್ ಇರುವ ಆಸ್ಪತ್ರೆಗೆ ಹೋಗಿ. ಅಲ್ಲಿ ರಕ್ತನಾಳದ ಮೂಲಕ ಮೆಗ್ನೀಸಿಯಮ್ ಸಲ್ಫೇಟ್ ಕೊಡಬೇಕಾಗುತ್ತದೆ.

ಇನ್ನೊಂದು ಸುಳಿವನ್ನು ಆಸ್ಪತ್ರೆಗಳಲ್ಲೂ ಎಷ್ಟೋ ಸಲ ಮರೆಯುತ್ತಾರೆ. ಪೊಟ್ಯಾಸಿಯಮ್ ಕಡಿಮೆ ಎಂದು ಸಿರಪ್ ಮೇಲೆ ಸಿರಪ್ ಕುಡಿಸಿದರೂ ಏರದಿದ್ದರೆ ಮೆಗ್ನೀಸಿಯಮ್ ನೋಡಬೇಕು. ಕಿಡ್ನಿಯ ನಳಿಕೆಗಳಲ್ಲಿ ಪೊಟ್ಯಾಸಿಯಮ್ ಹೊರಹೋಗುವ ಬಾಗಿಲಿಗೆ ಒಳಗಿನಿಂದ ತಡೆ ಹಾಕುವುದು ಮೆಗ್ನೀಸಿಯಮ್ಮೇ. ಅದು ತಗ್ಗಿದರೆ ಕುಡಿಸಿದ್ದೆಲ್ಲ ಮೂತ್ರಕ್ಕೆ. ಕ್ಯಾಲ್ಸಿಯಮ್ ಕೂಡ ಹೀಗೆ ಕುಸಿಯುತ್ತದೆ, ಏಕೆಂದರೆ ತೀವ್ರ ಕೊರತೆಯಲ್ಲಿ ರಕ್ತದ ಕ್ಯಾಲ್ಸಿಯಮ್ ಕಾಯುವ ಪ್ಯಾರಾಥೈರಾಯ್ಡ್ ಗ್ರಂಥಿ ತನ್ನ ಹಾರ್ಮೋನನ್ನು ಸರಿಯಾಗಿ ಬಿಡುವುದಿಲ್ಲ. ಮೊದಲು ಮೆಗ್ನೀಸಿಯಮ್ ತುಂಬಿದರೇ ಇವೆರಡೂ ಮೈಯಲ್ಲಿ ನಿಲ್ಲುವುದು.

ಪ್ರಶ್ನೆ, ಪೆರ್ಲ: ಅಂಗಡಿಯಲ್ಲಿ ಆಕ್ಸೈಡ್, ಸಿಟ್ರೇಟ್, ಗ್ಲೈಸಿನೇಟ್ ಎಂದು ಮೂರು ನಾಲ್ಕು ಬಗೆ ಇವೆ. ಒಂದರ ಮೇಲೆ 400, ಇನ್ನೊಂದರ ಮೇಲೆ 1000 ಎಂದಿದೆ. ಯಾವುದರಲ್ಲಿ ಹೆಚ್ಚು?

ಉತ್ತರ, ಫಾರ್ಮಸಿಸ್ಟ್: ಡಬ್ಬದ ಮುಂಭಾಗದ ದೊಡ್ಡ ಸಂಖ್ಯೆ ಬಹಳ ಸಲ ಇಡೀ ಲವಣದ ತೂಕ. ನಮಗೆ ಬೇಕಾದದ್ದು ಹಿಂಭಾಗದಲ್ಲಿ ಬರೆದಿರುವ 'ಎಲಿಮೆಂಟಲ್ ಮೆಗ್ನೀಸಿಯಮ್', ಅಂದರೆ ಆ ಲವಣದಲ್ಲಿರುವ ಮೆಗ್ನೀಸಿಯಮ್ ಒಂದರದ್ದೇ ತೂಕ. ಅದು ಬರೆದಿಲ್ಲದಿದ್ದರೆ ಹೀಗೆ ಲೆಕ್ಕ ಹಾಕಿ: ಆಕ್ಸೈಡಿನಲ್ಲಿ ನೂರಕ್ಕೆ 60, ಸಿಟ್ರೇಟಿನಲ್ಲಿ 16, ಗ್ಲೈಸಿನೇಟಿನಲ್ಲಿ 14ರಷ್ಟು, ಕ್ಲೋರೈಡಿನಲ್ಲಿ 12. ಅಂದರೆ ಗ್ಲೈಸಿನೇಟ್ 1000 ಮಿ.ಗ್ರಾಂನಲ್ಲಿ ಸಿಗುವುದು 140, ಆಕ್ಸೈಡ್ 400ರಲ್ಲಿ 240. ಆದರೆ ಆಕ್ಸೈಡ್ ನೀರಿನಲ್ಲಿ ಕರಗುವುದೇ ಕಷ್ಟ, ಬಹುಪಾಲು ಕರುಳಿನಲ್ಲೇ ಉಳಿದು ನೀರನ್ನು ಎಳೆದು ಭೇದಿ ಮಾಡಿಸುತ್ತದೆ. ಸಿಟ್ರೇಟನ್ನು ಕರುಳು ಚೆನ್ನಾಗಿ ಹೀರಿಕೊಳ್ಳುತ್ತದೆ, ಮಲಬದ್ಧತೆ ಇರುವವರಿಗೆ ಅದೇ ಹಿತ. ಹೊಟ್ಟೆ ಸಡಿಲವಾಗುವವರಿಗೆ ಗ್ಲೈಸಿನೇಟ್. ಬೆಲೆ ತೀರಾ ಕಡಿಮೆ ಇರುವ 'ಗ್ಲೈಸಿನೇಟ್' ಕಂಡರೆ ಪದಾರ್ಥಗಳ ಪಟ್ಟಿ ಓದಿ, ಆಕ್ಸೈಡ್ ಬೆರೆಸಿದ್ದು ಇರಬಹುದು.

ಕಿಡ್ನಿ ಸರಿ ಇದೆ ಎಂದು ಪರೀಕ್ಷೆಯಲ್ಲಿ ಗೊತ್ತಾದ ಮೇಲೆ ರಾತ್ರಿ ಊಟದ ಜೊತೆ ಎಲಿಮೆಂಟಲ್ 100ರಿಂದ 120 ಮಿ.ಗ್ರಾಂ. ಒಂದು ವಾರ ಹೊಟ್ಟೆ ಸರಿ ಇದ್ದರೆ ಬೆಳಿಗ್ಗೆಯೂ ಅಷ್ಟೇ. ಒಂದೇ ಸಲ ಹೆಚ್ಚು ನುಂಗಿದರೆ ಹೀರುವ ಪಾಲು ತಗ್ಗುತ್ತದೆ, ಅದಕ್ಕೇ ಎರಡು ಭಾಗ. ವೈದ್ಯರು ಹೇಳದೆ ಮಾತ್ರೆಯಿಂದ ದಿನಕ್ಕೆ 350 ದಾಟಬಾರದು ಎನ್ನುವುದು ಅಮೆರಿಕದ ಮಿತಿ, ಯುರೋಪಿನದು 250. ಆಹಾರದಿಂದ ಬರುವ ಮೆಗ್ನೀಸಿಯಮ್ ಈ ಲೆಕ್ಕದಲ್ಲಿ ಸೇರುವುದಿಲ್ಲ. ಭೇದಿ ಶುರುವಾದರೆ ಡೋಸ್ ಹೆಚ್ಚಾಯಿತು ಎಂದು ತಿಳಿಯಿರಿ. ಭೇದಿಯಲ್ಲೇ ಮತ್ತಷ್ಟು ಮೆಗ್ನೀಸಿಯಮ್ ಹೋಗುವುದರಿಂದ ತಡೆದುಕೊಂಡು ಮುಂದುವರಿಸಬೇಡಿ.

ಪ್ರಶ್ನೆ, ಮುಳ್ಳೇರಿಯ: ತೆಂಗಿಗೆ ಹಾಕಲು ತಂದ ಮೆಗ್ನೀಸಿಯಮ್ ಸಲ್ಫೇಟ್ ಮನೆಯಲ್ಲೇ ಇದೆ. ಎಪ್ಸಂ ಸಾಲ್ಟ್ ಎಂದರೂ ಅದೇ ತಾನೆ? ಅದನ್ನೇ ಸ್ವಲ್ಪ ನೀರಿಗೆ ಹಾಕಿ ಕುಡಿದರೆ? ಅದರ ನೀರಿನಲ್ಲಿ ಕಾಲು ನೆನೆಸಿದರೂ ಮೈಯೊಳಗೆ ಹೋಗುತ್ತದೆ ಎನ್ನುತ್ತಾರೆ.

ಉತ್ತರ, ಫಾರ್ಮಸಿಸ್ಟ್: ಕುಡಿಯಲೇಬೇಡಿ. ಮರವೊಂದಕ್ಕೆ ವರ್ಷಕ್ಕೆ ಅರ್ಧ ಕಿಲೋ ಹಾಕುವ ಆ ಚೀಲ ಗೊಬ್ಬರದ ದರ್ಜೆಯದು. ಹೊಟ್ಟೆಗೆ ಹೋಗುವ ಔಷಧಕ್ಕೆ ಇರುವ ಶುದ್ಧತೆಯ ನಿಯಮ ಅದಕ್ಕಿಲ್ಲ. ಶುದ್ಧ ದರ್ಜೆಯದೇ ಆದರೂ ಒಂದು ಟೀ ಚಮಚ, ಅಂದರೆ ಸುಮಾರು 5 ಗ್ರಾಂನಲ್ಲಿ ಎಲಿಮೆಂಟಲ್ ಮೆಗ್ನೀಸಿಯಮ್ 500 ಮಿ.ಗ್ರಾಂ ಹತ್ತಿರ ಇರುತ್ತದೆ. ಅದು ಭೇದಿಯ ಔಷಧದ ಪ್ರಮಾಣ. ಕಾಲು ನೆನೆಸುವುದರಿಂದ ಬಿಸಿನೀರಿನ ಹಿತ ಸಿಗುತ್ತದೆ. ಚರ್ಮದ ಮೂಲಕ ಕೊರತೆ ತುಂಬುವಷ್ಟು ಒಳಹೋಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಸಕ್ಕರೆ ಕಾಯಿಲೆಯವರು ನೀರಿನ ಬಿಸಿಯನ್ನು ಕಾಲಿನಿಂದ ನೋಡಬಾರದು, ಮೊಣಕೈ ಅದ್ದಿ ನೋಡಬೇಕು. ಜೋಮು ಹಿಡಿದ ಪಾದ ಸುಟ್ಟರೂ ಗೊತ್ತಾಗುವುದಿಲ್ಲ.

ಪ್ರಶ್ನೆ, ಮಂಜೇಶ್ವರ: ನಮ್ಮ ಕಾಸರಗೋಡಿನ ಮಣ್ಣಿನಲ್ಲೇ ಮೆಗ್ನೀಸಿಯಮ್ ಕಡಿಮೆ ಎಂದ ಮೇಲೆ ಇಲ್ಲಿನವರಿಗೆಲ್ಲ ಕೊರತೆ ಇರಬೇಕಲ್ಲವೇ? ಊಟದಲ್ಲೇ ಸರಿ ಮಾಡಲು ಆಗುತ್ತದೆಯೇ?

ಉತ್ತರ, ಆಹಾರತಜ್ಞೆ: ಮಣ್ಣಿನಿಂದ ನೇರವಾಗಿ ಮನುಷ್ಯನಿಗೆ ಹಾರಲಾಗದು. ಮುರಕಲ್ಲಿನ ಮಣ್ಣು ಹುಳಿ, ಮಳೆಗೆ ಮೆಗ್ನೀಸಿಯಮ್ ತೊಳೆದುಹೋಗುತ್ತದೆ, ಅದರ ಪೆಟ್ಟು ಮೊದಲು ಬೀಳುವುದು ಇಳುವರಿಗೆ. ನಾವು ಉಣ್ಣುವ ಅಕ್ಕಿ, ಕಾಳು ಹೆಚ್ಚಿನದು ಹೊರಗಿನಿಂದ ಬಂದದ್ದು. ಇಲ್ಲಿನ ನೀರಿನ ಮಾತು ಬೇರೆ. ಬಾವಿಯದಾಗಲಿ, ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ್ದಾಗಲಿ ಮುರದಿಂದ ಬರುವ ನೀರು ಮೆದು, ಗಡಸು ನೀರಿನ ಊರಿನವರಿಗೆ ಕುಡಿಯುವ ನೀರಿನಲ್ಲಿ ಸಿಗುವ ಪಾಲು ನಮಗೆ ಸಿಗುವುದಿಲ್ಲ. ಅದನ್ನು ತಟ್ಟೆಯಲ್ಲೇ ತುಂಬಿಕೊಳ್ಳಬೇಕು.

ದಿನಕ್ಕೆ ಹೆಂಗಸರಿಗೆ ಸುಮಾರು 310ರಿಂದ 370 ಮಿ.ಗ್ರಾಂ, ಗಂಡಸರಿಗೆ 380ರಿಂದ 440 ಬೇಕು. ಮೊದಲು ಅಕ್ಕಿಯನ್ನೇ ನೋಡಿ. ಮೆಗ್ನೀಸಿಯಮ್ ಇರುವುದು ತವುಡಿನ ಪದರದಲ್ಲಿ. ತವುಡು ಉಳಿದ ಅಕ್ಕಿಯಲ್ಲಿ 100 ಗ್ರಾಂಗೆ 90ರಿಂದ 140, ಪೂರ್ತಿ ಪಾಲಿಶ್ ಆದದ್ದರಲ್ಲಿ ಬರೇ 20ರಿಂದ 30. ಕುಚ್ಚಿಲಕ್ಕಿ ಎಂದ ಮಾತ್ರಕ್ಕೆ ತವುಡು ಇರಬೇಕೆಂದಿಲ್ಲ. ಕುಚ್ಚಿಲು ಮಾಡಿದ ಮೇಲೂ ಮಿಲ್ಲಿನಲ್ಲಿ ಬೆಳ್ಳಗೆ ಉಜ್ಜಿ ಕೊಡುತ್ತಾರೆ. ಕಾಳಿನ ಮೇಲೆ ಕೆಂಪು ಗೆರೆಗಳು ಹಾಗೇ ಉಳಿದಿರುವ ಅಕ್ಕಿ ಆರಿಸಿ. ಅನ್ನ ಬಸಿದರೆ ತಿಳಿಯ ಜೊತೆ ಒಂದು ಪಾಲು ದನದ ಬಾನಿಗೆ ಹೋಯಿತು. ರಾತ್ರಿ ತಿಳಿ ಸಮೇತ ಗಂಜಿ ಉಣ್ಣುವ ಪದ್ಧತಿ ಈ ದೃಷ್ಟಿಯಿಂದ ತುಂಬಾ ಒಳ್ಳೆಯದು, ದಯವಿಟ್ಟು ಬಿಡಬೇಡಿ.

ಅಂಥ ಅಕ್ಕಿ 150 ಗ್ರಾಂ, ಹೆಸರುಕಾಳು 50 ಗ್ರಾಂ, ಒಂದು ಹಿಡಿ ಅಂದರೆ 30 ಗ್ರಾಂ ಗೇರುಬೀಜ, 100 ಗ್ರಾಂ ಹರಿವೆ ಸೊಪ್ಪು. ಅಕ್ಕಿಯಿಂದ 135ಕ್ಕೆ ಕಡಿಮೆಯಿಲ್ಲ, ಹೆಸರಿನಿಂದ 95, ಗೇರುಬೀಜದಿಂದ 85ರ ಹತ್ತಿರ, ಹರಿವೆಯಿಂದ 55. ಹೆಂಗಸರ ಅಗತ್ಯ ಇಷ್ಟರಲ್ಲೇ ಮುಗಿಯಿತು. ಗೇರುಬೀಜ ತುಟ್ಟಿ ಎನಿಸಿದರೆ ಅಷ್ಟೇ ನೆಲಗಡಲೆಯಲ್ಲಿ 50 ಸಿಗುತ್ತದೆ, ಒಂದು ದೊಡ್ಡ ಚಮಚ ಎಳ್ಳಿನಲ್ಲಿ 30, 40 ಗ್ರಾಂ ರಾಗಿ ಹಿಟ್ಟಿನ ಅಂಬಲಿಯಲ್ಲಿ 55. ಚೀನಿಕಾಯಿಯ (ಸಿಹಿಗುಂಬಳದ) ಬೀಜ ಬಿಸಾಡಬೇಡಿ, ಒಣಗಿಸಿ ಹುರಿದು ಸಿಪ್ಪೆ ಸುಲಿದ 30 ಗ್ರಾಂನಲ್ಲಿ 150ಕ್ಕೂ ಹೆಚ್ಚು ಇದೆ. ಕಾಳನ್ನು ರಾತ್ರಿ ನೆನೆಸಿ ಮೊಳಕೆ ಬರಿಸಿದರೆ ಖನಿಜ ಹಿಡಿದಿಡುವ ಫೈಟೇಟ್ ತಗ್ಗುತ್ತದೆ. ಬಸಳೆಯನ್ನು ಬೇಯಿಸಿದ ನೀರು ಚೆಲ್ಲದೆ ಸಾಂಬಾರಿಗೇ ಹಾಕಿ. ಸೈಂಧವ ಉಪ್ಪಿನಲ್ಲಿ ಮೆಗ್ನೀಸಿಯಮ್ ಇದೆ ಎಂದು ಅದನ್ನು ಹೆಚ್ಚು ತಿನ್ನುವುದು ಬೇಡ, ದಿನದ ಉಪ್ಪಿನಲ್ಲಿ ಸಿಗುವುದು ಕೆಲವೇ ಮಿ.ಗ್ರಾಂ.

ಪ್ರಶ್ನೆ, ಉಪ್ಪಳ: ಅಪ್ಪನ ಕ್ರಿಯಾಟಿನಿನ್ 2.6. ಮಲಬದ್ಧತೆಗೆ ಬಿಳಿ ಸಿರಪ್ ದಿನಾ ಕುಡಿಯುತ್ತಾರೆ, ಮಿಲ್ಕ್ ಆಫ್ ಮೆಗ್ನೀಷಿಯ. ತೊಂದರೆ ಇದೆಯೇ?

ಉತ್ತರ, ವೈದ್ಯರು: ಇದೆ. ಇವತ್ತಿನಿಂದಲೇ ನಿಲ್ಲಿಸಿ, ನಾಳೆ ಮೆಗ್ನೀಸಿಯಮ್ ಮತ್ತು ಕ್ರಿಯಾಟಿನಿನ್ ಮಾಡಿಸಿ, ಕಿಡ್ನಿ ನೋಡುವ ವೈದ್ಯರಿಗೆ ತಿಳಿಸಿ. 5 ಮಿ.ಲೀ.ಗೆ 400 ಮಿ.ಗ್ರಾಂ ಮೆಗ್ನೀಸಿಯಮ್ ಹೈಡ್ರಾಕ್ಸೈಡ್ ಇರುವ ಸಿರಪ್ಪನ್ನು 30 ಮಿ.ಲೀ. ಕುಡಿದರೆ ಒಂದು ಗ್ರಾಂನಷ್ಟು ಮೆಗ್ನೀಸಿಯಮ್ ಹೊಟ್ಟೆಗೆ ಹೋಯಿತು. ಹೀರಿಕೊಂಡ ಹೆಚ್ಚುವರಿಯನ್ನು ಹೊರಹಾಕುವುದು ಕಿಡ್ನಿ. ಇ.ಜಿ.ಎಫ್.ಆರ್. 30ಕ್ಕಿಂತ ಕೆಳಗೆ ಇಳಿದವರಲ್ಲಿ ಅದು ರಕ್ತದಲ್ಲೇ ಉಳಿದು ಬಿ.ಪಿ. ಇಳಿಯುತ್ತದೆ, ಮಂಪರು ಬರುತ್ತದೆ, ಕೈಕಾಲು ಸೋಲುತ್ತದೆ, ಇನ್ನೂ ಏರಿದರೆ ಉಸಿರು ಮತ್ತು ಹೃದಯಕ್ಕೇ ಅಪಾಯ. ಈಗಾಗಲೇ ತೂಕಡಿಕೆ, ನಿಶ್ಶಕ್ತಿ ಇದ್ದರೆ ನಾಳೆಯವರೆಗೆ ಕಾಯಬೇಡಿ. ಎದೆಯುರಿಗೆ ಕುಡಿಯುವ ಬಹಳಷ್ಟು ಆಂಟಾಸಿಡ್‌ಗಳಲ್ಲೂ ಮೆಗ್ನೀಸಿಯಮ್ ಇರುತ್ತದೆ, ಅದನ್ನೂ ತಪ್ಪಿಸಿ. ಮಲಬದ್ಧತೆಗೆ ಲ್ಯಾಕ್ಟುಲೋಸ್‌ನಂಥದ್ದನ್ನು ಬರೆಸಿಕೊಳ್ಳಬಹುದು. ಎಳನೀರು ಒಳ್ಳೆಯದೆಂದು ಕೊಡಬೇಡಿ, ಅದರಲ್ಲಿ ಪೊಟ್ಯಾಸಿಯಮ್ ಹೆಚ್ಚು.

ಪ್ರಶ್ನೆ, ಕುಂಬಳೆ: ಬೆಳಿಗ್ಗೆ ಥೈರಾಯ್ಡ್ ಮಾತ್ರೆ ಇದೆ. ಜೊತೆಗೆ ನುಂಗಬಹುದೇ?

ಉತ್ತರ, ಫಾರ್ಮಸಿಸ್ಟ್: ಬೇಡ, ನಾಲ್ಕು ಗಂಟೆ ಅಂತರ ಬೇಕು. ರಾತ್ರಿ ಊಟಕ್ಕೆ ಇಟ್ಟುಕೊಂಡರೆ ತಲೆನೋವಿಲ್ಲ. ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್ ಇರುವ ದಿನಗಳಲ್ಲಿ ಮೆಗ್ನೀಸಿಯಮ್ ಅವನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತದೆ, ಸೋಂಕು ಗುಣವಾಗುವುದಿಲ್ಲ. ಆಂಟಿಬಯೋಟಿಕ್ ನುಂಗಿ ಎರಡು ಗಂಟೆಯಾದರೂ ಬಿಟ್ಟು ಮೆಗ್ನೀಸಿಯಮ್, ಮೆಗ್ನೀಸಿಯಮ್ ಮೊದಲು ನುಂಗಿದ್ದರೆ ಆರು ಗಂಟೆ ಬಿಟ್ಟು ಆಂಟಿಬಯೋಟಿಕ್. ಐದಾರು ದಿನದ ಕೋರ್ಸ್ ಆದರೆ ಅಷ್ಟು ದಿನ ಮೆಗ್ನೀಸಿಯಮ್ ನಿಲ್ಲಿಸುವುದೇ ಸುಲಭ. ಎಲುಬಿನ ಸವೆತಕ್ಕೆ ವಾರಕ್ಕೊಮ್ಮೆ ಅಲೆಂಡ್ರೊನೇಟ್ ನುಂಗುವವರು ಆ ದಿನ ಎರಡು ಗಂಟೆ ಅಂತರ ಇಡಿ.